ಹಂಗಾಮಿ

ಅಪ್ಪ ನೆಲಮಾಳಿಗೆಯಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದ,
ಮೇಲೆ ಇನ್ನೂರ ಹನ್ನೊಂದು ಚಿತ್ರಗಳು ಬೆಚ್ಚಗಿರಲೆಂದು.
ನಮ್ಮ ಮನೆಯ ಒಲೆ ಸಂಜೆಗೇ ಆರುತ್ತಿತ್ತು, ಅದು ಬೇರೆ ಮಾತು.

ಮಿಸ್ ಅರ್ಡೆಲ್ಲಾ ಕ್ವಿಂಬಿ ದಿನಕ್ಕೆರಡು ಸಲ ಇಳಿದು ಬರುತ್ತಿದ್ದಳು
ಒಂದು ಕೈಯಲ್ಲಿ ಲಂಗದ ಅಂಚು, ಇನ್ನೊಂದರಲ್ಲಿ ಉಷ್ಣಮಾಪಕ.
"ಮಿಸ್ಟರ್ ಗ್ವೂಶ್ಚ್, ಮೂರನೆಯ ಕೋಣೆಯಲ್ಲಿ ಗಾಳಿ ಒಣಗಿದೆ,
ಹಲಗೆ ಬಿರಿಯುತ್ತದೆ, ಒಂದು ಬೋಗುಣಿ ನೀರಿಡಿ."
ಈರೀ ಸರೋವರದ ಆ ದಂಡೆಯಲ್ಲಿ ನಮ್ಮ ಹೆಸರನ್ನು
ನಾಲಿಗೆ ತಡವರಿಸದೆ ಕರೆದವಳು ಅವಳೊಬ್ಬಳೇ.
ನಮ್ಮ ಭಾಷೆಯಲ್ಲಿ ಅದಕ್ಕೆ ಮೊಳೆ ಎಂದರ್ಥ.

ಹದಿನೇಳರಲ್ಲಿ ನಿರ್ದೇಶಕ ಯುದ್ಧಕ್ಕೆ ಹೋದ.
ಬರುವ ತನಕ ನೋಡಿಕೋ ಎಂದು ಬೀಗದಕೈ ಗೊಂಚಲು ಕೊಟ್ಟ,
ನೆರೆಮನೆಯವಳಿಗೆ ಬೆಕ್ಕು ಒಪ್ಪಿಸುವ ಹಾಗೆ.
ಯುದ್ಧ ಮುಗಿಯಿತು. ಅವನು ಪ್ಯಾರಿಸ್ಸಿನಲ್ಲೇ
ಒಬ್ಬ ಹೆಂಡತಿಯನ್ನೂ ಒಂದು ಅಂಗಡಿಯನ್ನೂ ಕಂಡುಕೊಂಡ.
ಬೆಕ್ಕು ಮಾತ್ರ ಇವಳದಾಗಲಿಲ್ಲ.

ಹಂಗಾಮಿ ನಿರ್ದೇಶಕಿ.
ಬಿಡಿಸಿ ನೋಡಿ, ಆ ಪದದಲ್ಲಿ ಮೊದಲು ಸಿಗುವುದು ಹಂಗು.
ಹದಿಮೂರು ವರ್ಷ ಬಾಗಿಲ ಮೇಲೆ ಅದೇ ಹಿತ್ತಾಳೆ ಫಲಕ.
ಅಪ್ಪ ತಿಂಗಳಿಗೊಮ್ಮೆ ವಿನೆಗರ್ ಹಾಕಿ ಉಜ್ಜುತ್ತಿದ್ದ:
ನಿರ್ದೇಶಕಿ ಸವೆಯಿತು, ಹಂಗಾಮಿ ಸವೆಯಲಿಲ್ಲ.

ಟ್ರಸ್ಟಿಗಳ ಸಭೆ ಹಡಗು ಮಾಲೀಕರ ಕ್ಲಬ್ಬಿನಲ್ಲಿ.
ಹೆಂಗಸರಿಗೆ ಅಲ್ಲಿ ಮುಂಬಾಗಿಲಿಲ್ಲ.
ಅಡುಗೆಮನೆ ಹಾದು, ಮೀನು ಬೇಯುವ ಹಬೆಯಲ್ಲಿ ಹ್ಯಾಟು ನೆನೆಸಿಕೊಂಡು
ಆಳುಗಳ ಮೆಟ್ಟಿಲೇರಿ ಲೆಕ್ಕ ಒಪ್ಪಿಸಬೇಕು.
ಒಮ್ಮೆ ಬಾಣಸಿಗ ಸೌಟು ಚಾಚಿ
ಉಪ್ಪು ನೋಡಿ ಹೇಳಮ್ಮ ಎಂದನಂತೆ.
ನೋಡಿದಳಂತೆ. ಕಡಿಮೆ ಎಂದಳಂತೆ.
ಮೇಲೆ ಹೋಗಿ ಸಂಬಳದ ಬಗ್ಗೆಯೂ ಅದನ್ನೇ ಹೇಳಿದಳಂತೆ.

ಶನಿವಾರಗಳನ್ನು ಉಕ್ಕಿನ ಕಾರ್ಖಾನೆ ಮಕ್ಕಳಿಗೆ ಬಿಟ್ಟುಕೊಟ್ಟಳು.
ಅಮೃತಶಿಲೆಯ ಮೇಲೆ ಮಸಿ ಎಂದು ಪತ್ರಗಳು ಬಂದವು.
ಉತ್ತರ ಬರೆಯಲಿಲ್ಲ. ಬಾಗಿಲಲ್ಲಿ ಮೂರು ಬೇಸಿನ್ನು ಇರಿಸಿ,
ಸಾಬೂನು ತಂದು, ಟವೆಲ್ಲು ಹಿಡಿದು ತಾನೇ ನಿಂತಳು.
ಆ ಚಳಿಗಾಲ ನನ್ನ ಕೈ ಕಂಡ ಬಿಸಿನೀರು ಅದೊಂದೇ,
ಅಪ್ಪನೇ ಕೆಳಗೆ ಕಾಯಿಸಿದ್ದು.
ತೊಳೆದ ಕೈಯಲ್ಲಿ ಒಂದು ರೋಮನ್ ಪಾದ ಮುಟ್ಟಬಹುದಿತ್ತು.
ಕಿರುಬೆರಳು ಮುರಿದಿತ್ತು.
ಅಮ್ಮನ ಪಾದದ ಹಾಗೇ, ಎಂದೆ. ಅವಳು ನಗಲಿಲ್ಲ.
ಯಾವ ಕಾಲು, ಎಡವೋ ಬಲವೋ, ಎಂದು ಕೇಳಿದಳು.

ಆಮೇಲೆ ಆ ಚಿತ್ರ. ಟರ್ನಿಪ್ ಹೆಚ್ಚುವ ಮುದುಕಿ,
ಮುಖವೆಲ್ಲ ಹಸಿರು ನೆರಳು. ಪತ್ರಿಕೆ ಅದನ್ನು ಕೊಳೆತ ತರಕಾರಿ ಎಂದು ಕರೆಯಿತು.
ಅವಳು ಅದರ ಮುಂದೊಂದು ಕುರ್ಚಿ ಹಾಕಿಸಿದಳು:
ಹತ್ತು ನಿಮಿಷ ಕೂತವರು ಮಾತ್ರ ಮತ ಹಾಕಲಿ.
ಏಳು ಜನ ಕೂತರು. ಒಬ್ಬ ನಿದ್ದೆಹೋದ.
ಅದಿರು ಹಡಗುಗಳ ಕ್ರೋವೆಲ್ ಸಾಹೇಬ ಎದ್ದಾಗ
ಕರವಸ್ತ್ರ ಹುಡುಕುತ್ತಿದ್ದನೆಂದು ಅಪ್ಪ ಪ್ರಮಾಣ ಮಾಡುತ್ತಿದ್ದ.
ಒಂದು ಮತದಿಂದ ಮುದುಕಿ ಉಳಿದಳು.

ಬ್ಯಾಂಕು ಮುಳುಗಿದ್ದು ಅದರ ಮರುವರ್ಷ.
ಸಂಬಳ ಕೊಡಲು ಕಾಸಿಲ್ಲವೆಂದು ತಿಳಿದ ದಿನವೇ
ಸರ್ವಾನುಮತದಿಂದ ಹಂಗಾಮಿ ತೆಗೆದರು.

ಹೊಸ ಫಲಕಕ್ಕೆ ದುಡ್ಡೆಲ್ಲಿ? ಅಪ್ಪ ಉಳಿ ಸುತ್ತಿಗೆ ಹಿಡಿದು
ಆ ಒಂದು ಪದವನ್ನು ಕೆತ್ತಿ ಹಾಕಿದ.
ಎಡಗಡೆ ಗೀಚಿದ ಖಾಲಿ, ಬಲಗಡೆ ಅವಳ ಹುದ್ದೆ,
ತಡವಾಗಿ ಬಂದವರು ಬೆಂಚಿನ ತುದಿಯಲ್ಲಿ ಕೂತ ಹಾಗೆ.
ಪಾಲಿಶ್ ಮಾಡಿ ಸಮ ಮಾಡಲೇ ಎಂದ.
ಬೇಡ, ಎಂದಳು. ಮೂರನೆಯ ಕೋಣೆ ನೋಡಿದಿರಾ?

ಈಗ ನಾನೇ ಅಲ್ಲಿ ಕಾವಲು, ನೀಲಿ ಕೋಟು, ಹಳೆಯ ಗೊಂಚಲು.
ಓಣಿಯಲ್ಲಿ ನಿರ್ದೇಶಕರ ಸಾಲು ಭಾವಚಿತ್ರ, ಅವಳದಿಲ್ಲ;
ಚಿತ್ರಕಾರನಿಗೆ ಕೊಡುವ ಹಣದಲ್ಲಿ ಕಲ್ಲಿದ್ದಲು ತರಿಸಿದ್ದಳು.
ಎರಡು ಗಡ್ಡಗಳ ನಡುವೆ ಒಂದು ಮೊಳೆ ಹಾಗೇ ಇದೆ.
ಕೀಳಲು ಯಾರಾದರೂ ಬಂದರೆ
ನಮ್ಮ ಮನೆತನದ ಹೆಸರು ಹೇಳಿ ಕಳಿಸುತ್ತೇನೆ.
ಜನವರಿಯಲ್ಲಿ ಬೋಗುಣಿ ತುಂಬುತ್ತೇನೆ.
ಯಂತ್ರ ಬಂದಿದೆ, ಬೇಡ ಎನ್ನುತ್ತಾರೆ.
ಇರಲಿ, ಮುದುಕಿಗೆ ಬಾಯಾರುತ್ತದೆ.